ಫಾರ್ಮ್ಯಾಟ್ ಹೊಡೆಯುವ ಮೊದಲು: ಹಳೆಯ ಹಾರ್ಡ್ ಡಿಸ್ಕಿನ ತಪ್ಪು ಕಲ್ಪನೆ ಮತ್ತು ವಾಸ್ತವ

ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದಿಂದ ಹಿಡಿದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯವರೆಗೆ ಹಳೆಯ ಕಂಪ್ಯೂಟರ್‌ಗಳು ಇನ್ನೂ ದುಡಿಯುತ್ತಿವೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ ಮಾಡುವ ಡಿಟಿಪಿ ಅಂಗಡಿಯಲ್ಲಿ ಹಳೆಯ ಅಕ್ಷರ ತಂತ್ರಾಂಶವೊಂದರ ಸಲುವಾಗಿಯೇ ಒಂದು ಪೆಂಟಿಯಂ ಉಳಿದಿರುತ್ತದೆ. ಆ ತಂತ್ರಾಂಶ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಲಾಕ್ ಇಲ್ಲದೆ ತೆರೆಯುವುದಿಲ್ಲ, ಹೊಸ ಯಂತ್ರದಲ್ಲಿ ಆ ಪೋರ್ಟೇ ಇಲ್ಲ. ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಹಳೆಯ ಟ್ಯಾಲಿ ಲೆಕ್ಕಕ್ಕೂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೂ ಇನ್ನೊಂದು. ಶಾಲೆಯ ಮೂಲೆಯಲ್ಲಿ ನಾಲ್ಕಾರು.

ಇಂಥ ಯಂತ್ರ ಒಂದು ದಿನ ಬೂಟ್ ಆಗದೆ ನಿಲ್ಲುತ್ತದೆ. ಅಥವಾ ಹೊಸದಾಗಿ ಪಾರ್ಟಿಷನ್ ಮಾಡಲು ಕೂತಾಗ ಸಿಲಿಂಡರ್, ಹೆಡ್, ಸೆಕ್ಟರ್‌ಗಳ ಲೆಕ್ಕ ಹೊಂದುತ್ತಿಲ್ಲ ಎಂಬ ಎಚ್ಚರಿಕೆ ಪರದೆಯ ಮೇಲೆ ಬರುತ್ತದೆ. ಆಗ ಸಿಗುವ ಸಲಹೆ ಬಹುತೇಕ ಒಂದೇ: ಫಾರ್ಮ್ಯಾಟ್ ಹೊಡೆಯಿರಿ. ಆ ಸಲಹೆಯ ಬೆನ್ನಿಗಿರುವ ಮಾತುಗಳನ್ನು ನಾವೂ ವರ್ಷಗಟ್ಟಲೆ ನಂಬಿದವರೇ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಬರಹ, ಹಳೆಯ ಖಾತೆ, ಮಕ್ಕಳ ಅಂಕಪಟ್ಟಿ ಹೀಗೆ ಅನ್ಯಾಯವಾಗಿ ಅಳಿಸಿಹೋಗುವುದು ಇನ್ನಾದರೂ ನಿಲ್ಲಬೇಕು. ಅದಕ್ಕಾಗಿ ಒಂದೊಂದನ್ನೂ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ: ಪರದೆಯ ಮೇಲೆ 255 ಹೆಡ್ ಎಂದು ಬಂದರೆ ಡಿಸ್ಕಿನೊಳಗೆ ನಿಜವಾಗಿಯೂ 255 ಹೆಡ್‌ಗಳಿವೆ. ಇನ್ನೊಂದು ಕಂಪ್ಯೂಟರ್ ಅದನ್ನೇ 240 ಎಂದೋ 16 ಎಂದೋ ತೋರಿಸಿದರೆ ಕೆಲವು ಹೆಡ್ ಹಾಳಾಗಿವೆ.

ವಾಸ್ತವ: 40 ಜಿ.ಬಿ.ಯ ಐಡಿಇ ಡಿಸ್ಕ್ ಬಿಚ್ಚಿದರೆ ಒಳಗೆ ಸಾಮಾನ್ಯವಾಗಿ ಕಾಣುವುದು ಒಂದೋ ಎರಡೋ ತಟ್ಟೆ, ಅವುಗಳ ಮೇಲೆ ಬೆರಳೆಣಿಕೆಯ ಹೆಡ್. ಪ್ರತಿ ಸುತ್ತಿಗೆ 63 ಸೆಕ್ಟರ್ ಎಂಬುದೂ ಲೋಹದ ಮೇಲೆ ಇಲ್ಲ. ತಟ್ಟೆಯ ಹೊರಸುತ್ತು ದೊಡ್ಡದು, ಒಳಸುತ್ತು ಚಿಕ್ಕದು. ಹಾಗಾಗಿ ತಯಾರಕರು ಹೊರಸುತ್ತಿನಲ್ಲಿ ಹೆಚ್ಚು, ಒಳಸುತ್ತಿನಲ್ಲಿ ಕಡಿಮೆ ಸೆಕ್ಟರ್ ಇಡುತ್ತಾರೆ.

ಹಾಗಾದರೆ ಈ ಅಂಕಿಗಳು ಎಲ್ಲಿಂದ ಬಂದವು? ಬಯೋಸ್ ಡಿಸ್ಕಿನ ವಿಳಾಸ ಹೇಳಲು ಸಿಲಿಂಡರಿಗೆ 10 ಬಿಟ್, ಹೆಡ್‌ಗೆ 8, ಸೆಕ್ಟರಿಗೆ 6 ಬಿಟ್ ಜಾಗ ಕೊಟ್ಟಿತ್ತು. ಅಂದರೆ 1024 ಸಿಲಿಂಡರ್, 256 ಹೆಡ್, 63 ಸೆಕ್ಟರ್. ಸೆಕ್ಟರ್ ಎಣಿಕೆ ಸೊನ್ನೆಯಿಂದಲ್ಲ, ಒಂದರಿಂದ ಶುರು. ಅದಕ್ಕೆ 64 ಅಲ್ಲ, 63. ಐಡಿಇ ಡಿಸ್ಕಿನ ಕಟ್ಟಳೆ ಬೇರೆಯಿತ್ತು. ಅಲ್ಲಿ ಸಿಲಿಂಡರಿಗೆ 16 ಬಿಟ್, ಹೆಡ್‌ಗೆ ಬರೀ 4. ಎರಡೂ ಒಪ್ಪಬೇಕಾದರೆ ಪ್ರತಿಯೊಂದರಲ್ಲೂ ಕಡಿಮೆಯದೇ ಗಟ್ಟಿ: 1024, 16, 63. ಒಂದು ಸೆಕ್ಟರಿಗೆ 512 ಬೈಟ್ ಹಿಡಿದು ಗುಣಿಸಿದರೆ 52,84,82,304 ಬೈಟ್, ಅಂದರೆ ಸುಮಾರು 528 ಎಂ.ಬಿ. ಅದರಾಚೆಗೆ ಬಯೋಸಿಗೆ ಕಣ್ಣು ಕಾಣುತ್ತಿರಲಿಲ್ಲ. 1990ರ ದಶಕದ ನಡುವಿನಲ್ಲಿ ಡಿಸ್ಕ್‌ಗಳು ಈ ಗೆರೆ ದಾಟಿದಾಗ ಬಯೋಸ್ ತಯಾರಕರು ಸಿಲಿಂಡರ್ ಇಳಿಸಿ, ಹೆಡ್ ಏರಿಸಿ ಲೆಕ್ಕ ಹೊಂದಿಸಿದರು. 255 ಹುಟ್ಟಿದ್ದು ಆ ಹೊಂದಾಣಿಕೆಯಲ್ಲಿ.

7,81,65,360 ಸೆಕ್ಟರ್ ಇರುವ 40 ಜಿ.ಬಿ. ಡಿಸ್ಕನ್ನೇ ತೆಗೆದುಕೊಳ್ಳಿ. 255 ಹೆಡ್ ಎಂದರೆ ಅದು 4865 ಸಿಲಿಂಡರ್. 240 ಎಂದರೆ 5169. 16 ಎಂದರೆ 77,545. ಒಂದೇ ಹೊಲವನ್ನು ಬೇರೆ ಬೇರೆ ಉದ್ದದ ಸರಪಳಿ ಹಿಡಿದು ಅಳೆದಂತೆ ಇದು: ಸರಪಳಿಯ ಎಣಿಕೆ ಬದಲಾದರೂ ಹೊಲ ಒಂದು ಗೇಣೂ ಕುಗ್ಗುವುದಿಲ್ಲ. ಅಳತೆ ಬದಲಾದದ್ದು ತಿಳಿಯದೆ ಹಳೆಯ ಎಣಿಕೆಯನ್ನೇ ನಂಬಿ ಬದು ಹಾಕಿದಾಗ ಮಾತ್ರ ತಕರಾರು.

ತಪ್ಪು ಕಲ್ಪನೆ: ನಿನ್ನೆಯವರೆಗೆ ನಡೆಯುತ್ತಿದ್ದ ಯಂತ್ರ ಇವತ್ತು ಆಪರೇಟಿಂಗ್ ಸಿಸ್ಟಮ್ ಇಲ್ಲ ಎಂದರೆ ವೈರಸ್ ಹೊಡೆದಿದೆ, ಇಲ್ಲವೇ ಡಿಸ್ಕ್ ಸತ್ತಿದೆ.

ವಾಸ್ತವ: ಈ ಭಯಕ್ಕೆ ಬುಡವಿಲ್ಲ ಎನ್ನಲಾಗದು. ಫ್ಲಾಪಿಯ ಕಾಲದಲ್ಲಿ ಬೂಟ್ ಸೆಕ್ಟರಿಗೇ ಅಂಟುವ ವೈರಸ್‌ಗಳಿದ್ದವು. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಡಿಸ್ಕಿನ ಮೊದಲ ಒಂದು ಎಂ.ಬಿ.ಯನ್ನು ಅಳಿಸಿತು, ಕೆಲವು ಯಂತ್ರಗಳಲ್ಲಿ ಬಯೋಸ್ ಚಿಪ್ಪನ್ನೂ ಕೆಡಿಸಿತು. ಏಷ್ಯಾದಲ್ಲಿ ಅದರ ಪೆಟ್ಟು ಜೋರಾಗಿಯೇ ಬಿದ್ದಿತ್ತು. ಆ ನೆನಪು ಅಂಗಡಿಗಳಲ್ಲಿ ಇನ್ನೂ ಉಳಿದಿದೆ.

ಆದರೆ ಹಳೆಯ ಯಂತ್ರದಲ್ಲಿ ಮೊದಲು ನೋಡಬೇಕಾದದ್ದು ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿ. ಸಿಆರ್ 2032, ಮೂರು ವೋಲ್ಟ್, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಬಯೋಸಿನ ಸೆಟ್ಟಿಂಗ್‌ಗಳು ಉಳಿಯುವುದು ಅದರ ಬಲದಿಂದ. ಡಿಸ್ಕನ್ನು ಯಾವ ಲೆಕ್ಕದಲ್ಲಿ ನೋಡಬೇಕು ಎಂಬುದೂ ಆ ಸೆಟ್ಟಿಂಗ್‌ಗಳಲ್ಲಿ ಒಂದು. ಬ್ಯಾಟರಿ ಸತ್ತಿತು ಎಂದರೆ ಬಯೋಸ್ ತನ್ನ ಮೂಲ ಸೆಟ್ಟಿಂಗಿಗೆ ಮರಳುತ್ತದೆ. ಯಾರೋ ಹಿಂದೆ ಕೂತು ಎಲ್‌ಬಿಎ ಮೋಡಿಗೆ ಹೊಂದಿಸಿದ್ದು ನಾರ್ಮಲ್ ಮೋಡ್ ಆಗಬಹುದು. ಆಗ 255 ಹೆಡ್‌ನ ಲೆಕ್ಕದಲ್ಲಿ ಬರೆದ ಡಿಸ್ಕನ್ನು ಬಯೋಸ್ 16 ಹೆಡ್‌ನ ಲೆಕ್ಕದಲ್ಲಿ ಓದಲು ಹೊರಡುತ್ತದೆ. ವಿಂಡೋಸ್ ಎಲ್ಲೋ ಇದೆ, ಬಯೋಸ್ ಇನ್ನೆಲ್ಲೋ ಹುಡುಕುತ್ತಿದೆ.

ಗುರುತು ಹಿಡಿಯುವುದು ಸುಲಭ. ಯಂತ್ರ ಹಚ್ಚಿದೊಡನೆ ಸಿಮಾಸ್ ಚೆಕ್‌ಸಮ್ ಎರರ್ ಎಂಬ ಸಾಲು ಬರುತ್ತದೆ, ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಗೋಡೆಯ ಸ್ವಿಚ್ಚಿನಲ್ಲಿ ಕರೆಂಟ್ ಇದ್ದಾಗ ಎಟಿಎಕ್ಸ್ ಯಂತ್ರ ಬ್ಯಾಟರಿಯನ್ನು ಅಷ್ಟಾಗಿ ಬಳಸುವುದಿಲ್ಲ. ಸ್ವಿಚ್ ಆರಿಸಿ ತಿಂಗಳುಗಟ್ಟಲೆ ಮೂಲೆಗಿಟ್ಟರೆ ಇಡೀ ಭಾರ ಅದರ ಮೇಲೆ. ಮಳೆಗಾಲವೆಲ್ಲ ಹೊದಿಸಿಟ್ಟು ಸುಗ್ಗಿಗೆ ತೆಗೆದ ಯಂತ್ರ ಬೂಟ್ ಆಗದಿರುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ. ಬ್ಯಾಟರಿ ಬದಲಿಸಿ, ದಿನಾಂಕ ಸರಿಮಾಡಿ, ಡಿಸ್ಕಿನ ಮೋಡ್ ಎಲ್‌ಬಿಎ ಮಾಡಿ ಉಳಿಸಿದರೆ ವಿಂಡೋಸ್ ಎಂದಿನಂತೆ ಏಳುತ್ತದೆ. ಅದೇ ಯಂತ್ರಕ್ಕೆ ಫಾರ್ಮ್ಯಾಟ್ ಹೊಡೆದಿದ್ದರೆ? ಖಾತೆಯ ಲೆಕ್ಕವೂ ಹೋಗುತ್ತಿತ್ತು, ಮುಂದಿನ ಮಳೆಗಾಲಕ್ಕೆ ಅದೇ ಕಾಯಿಲೆ ಮರಳುತ್ತಿತ್ತು.

ತಪ್ಪು ಕಲ್ಪನೆ: ಹಾರ್ಡ್ ಡಿಸ್ಕಿಗೆ ಅದರದೇ ಯಂತ್ರದ ಋಣವಿರುತ್ತದೆ. ಕಿತ್ತು ಬೇರೆ ಸಿಪಿಯುಗೆ ಹಾಕಿದರೆ ಒಗ್ಗುವುದಿಲ್ಲ, ಅದರೊಳಗಿನದೂ ದಕ್ಕುವುದಿಲ್ಲ.

ವಾಸ್ತವ: ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಹಾಗೆ ಆಗಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಒಂದು ಯಂತ್ರದಲ್ಲಿ ಚೆನ್ನಾಗಿದ್ದ ಡಿಸ್ಕ್ ಇನ್ನೊಂದರಲ್ಲಿ ಸಿ ಡ್ರೈವ್ ತೋರಿಸಿ ಡಿ ಡ್ರೈವ್ ನುಂಗಿಬಿಡುತ್ತದೆ. ಅರ್ಧ ಒಗ್ಗಿತು, ಅರ್ಧ ಒಗ್ಗಲಿಲ್ಲ ಎಂದರೆ ಯಾರಿಗಾದರೂ ಅನುಮಾನ ಬಂದೀತು. ಆದರೆ ಕಾರಣ ಶುದ್ಧ ಗಣಿತ.

ಹಳೆಯ ಪದ್ಧತಿಯಲ್ಲಿ ಮೊದಲ ಪಾರ್ಟಿಷನ್ ಶುರುವಾಗುವುದು ಸಿಲಿಂಡರ್ 0, ಹೆಡ್ 1, ಸೆಕ್ಟರ್ 1ರಲ್ಲಿ. ಹೆಡ್ 255 ಇರಲಿ, 240 ಇರಲಿ, 16 ಇರಲಿ, ಸುತ್ತಿಗೆ 63 ಸೆಕ್ಟರ್ ಎಂಬುದು ಒಂದೇ ಆಗಿರುವವರೆಗೆ ಅದು ಬೀಳುವುದು 63ನೆಯ ಸೆಕ್ಟರಿನಲ್ಲೇ. ಆದ್ದರಿಂದ ಸಿ ಡ್ರೈವಿನ ಬಾಗಿಲು ಎಲ್ಲರಿಗೂ ಸಿಗುತ್ತದೆ. ಡಿ ಡ್ರೈವ್ 300ನೆಯ ಸಿಲಿಂಡರಿನಿಂದ ಶುರುವಾಗಿದೆ ಎಂದುಕೊಳ್ಳಿ. 255 ಹೆಡ್‌ನ ಲೆಕ್ಕದಲ್ಲಿ ಅದು 48,19,500ನೆಯ ಸೆಕ್ಟರ್; 240ರ ಲೆಕ್ಕದಲ್ಲಿ 45,36,000ನೆಯದು. ನಡುವಿನ ಅಂತರ 2,83,500 ಸೆಕ್ಟರ್, ಸುಮಾರು 145 ಎಂ.ಬಿ. ಸಿಲಿಂಡರ್ ಲೆಕ್ಕದಲ್ಲೇ ಓದುವ ಡಾಸ್‌ನಂಥ ವ್ಯವಸ್ಥೆ ಅಷ್ಟು ಹಿಂದೆ ಹೋಗಿ, ಸಿ ಡ್ರೈವಿನ ಯಾವುದೋ ಫೈಲಿನ ನಡುವೆ ನಿಂತು, ಇಲ್ಲಿ ಡಿ ಇಲ್ಲ ಎನ್ನುತ್ತದೆ. ಅದು ಹುಡುಕಿದ ಜಾಗದಲ್ಲಿ ನಿಜಕ್ಕೂ ಇಲ್ಲ.

ಕೆಲವು ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳು 240 ಹೆಡ್‌ನ ಲೆಕ್ಕ ಬಳಸುತ್ತಿದ್ದವು. ಅಸೆಂಬಲ್ಡ್ ಯಂತ್ರಗಳ ಬಯೋಸ್ ಎಲ್‌ಬಿಎ ಮೋಡಿನಲ್ಲಿ 255 ಎನ್ನುತ್ತಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಹುಬ್ಬಳ್ಳಿಯಿಂದಲೋ ಸೆಕೆಂಡ್ ಹ್ಯಾಂಡ್ ಡಿಸ್ಕ್ ತಂದಾಗ ಅದು ಹಿಂದೆ ಯಾವ ಲೆಕ್ಕದಲ್ಲಿ ಬಾಳಿತ್ತು ಎಂಬುದು ಕವರಿನ ಮೇಲೆ ಬರೆದಿರುವುದಿಲ್ಲ.

ಆದರೆ ಡಿಸ್ಕೇ ಹೇಳುತ್ತದೆ, ಕೇಳುವ ಬಗೆ ಗೊತ್ತಿರಬೇಕು. ಮೊಟ್ಟಮೊದಲ ಸೆಕ್ಟರಿನ 512 ಬೈಟ್‌ಗಳಲ್ಲಿ ಪಾರ್ಟಿಷನ್ ಪಟ್ಟಿಗೆ ಮೀಸಲಾದದ್ದು 64 ಬೈಟ್. ನಾಲ್ಕು ಪಾರ್ಟಿಷನ್, ಪ್ರತಿಯೊಂದಕ್ಕೆ 16 ಬೈಟ್. ಆ ಹದಿನಾರರಲ್ಲಿ ವಿಳಾಸವನ್ನು ಎರಡು ಬಗೆಯಲ್ಲಿ ಬರೆದಿರುತ್ತಾರೆ: ಮೂರು ಮೂರು ಬೈಟ್‌ಗಳಲ್ಲಿ ಆರಂಭ ಮತ್ತು ಕೊನೆಯ ಸಿಲಿಂಡರ್-ಹೆಡ್-ಸೆಕ್ಟರ್, ನಾಲ್ಕು ನಾಲ್ಕು ಬೈಟ್‌ಗಳಲ್ಲಿ ಆರಂಭದ ನೇರ ಸೆಕ್ಟರ್ ಸಂಖ್ಯೆ ಮತ್ತು ಒಟ್ಟು ಸೆಕ್ಟರ್. ಹಳೆಯ ಪದ್ಧತಿಯಲ್ಲಿ ಪಾರ್ಟಿಷನ್ ಮುಗಿಯುವುದು ಸಿಲಿಂಡರಿನ ಗಡಿಯಲ್ಲಿ, ಅಂದರೆ ಕೊನೆಯ ಹೆಡ್‌ನ ಕೊನೆಯ ಸೆಕ್ಟರಿನಲ್ಲಿ. ಹೆಡ್ ಎಣಿಕೆ ಸೊನ್ನೆಯಿಂದ. ಆದ್ದರಿಂದ ಪಾರ್ಟಿಷನ್ ಕೊನೆಯಲ್ಲಿ ಹೆಡ್ 254 ಎಂದಿದ್ದರೆ ಈ ಡಿಸ್ಕ್ ಹಂಚಿದವರು 255ರ ಲೆಕ್ಕ ಹಿಡಿದಿದ್ದರು. 239 ಎಂದಿದ್ದರೆ 240. 15 ಎಂದಿದ್ದರೆ 16. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಇದನ್ನು ಪರದೆಯ ಮೇಲೆ ಸಾಲಾಗಿ ತೋರಿಸುತ್ತದೆ. ಆ ಒಂದು ಅಂಕಿ ಸಿಕ್ಕಿತೆಂದರೆ ಅರ್ಧ ರಿಪೇರಿ ಮುಗಿದಂತೆ. ಬಯೋಸಿನಲ್ಲಿ ಎಲ್‌ಬಿಎ, ಲಾರ್ಜ್, ನಾರ್ಮಲ್ ಎಂಬ ಮೂರು ಮೋಡ್‌ಗಳಲ್ಲಿ ಯಾವುದು ಆ ಅಂಕಿ ಕೊಡುತ್ತದೋ ಅದನ್ನು ಆರಿಸಿದರೆ ಸಾಕು.

ತಪ್ಪು ಕಲ್ಪನೆ: ಯಾವ ಮೋಡ್ ಇಟ್ಟರೂ ನಡೆಯುತ್ತದೆ, ಒಂದೊಂದಾಗಿ ಬದಲಿಸುತ್ತ ವಿಂಡೋಸ್ ಹಾಕುತ್ತ ಹೋದರೆ ಒಂದಲ್ಲ ಒಂದು ಕೂಡಿಬರುತ್ತದೆ.

ವಾಸ್ತವ: ಮೋಡ್ ಬದಲಿಸಿ ನೋಡುವುದರಿಂದ ಅಪಾಯವಿಲ್ಲ, ತಪ್ಪು ಮೋಡಿನಲ್ಲಿ ಬರೆಯುವುದೇ ಅಪಾಯ. ಓದುವುದು ಬೇರೆ, ಬರೆಯುವುದು ಬೇರೆ ಎಂಬುದನ್ನು ಮರೆತರೆ ಉಳಿದದ್ದೂ ಕೈಬಿಡುತ್ತದೆ. ಈಗಿರುವ ಸೆಟ್ಟಿಂಗನ್ನು ಮೊದಲು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಡಿಸ್ಕ್ ತೆಗೆದು ಯುಎಸ್‌ಬಿ-ಐಡಿಇ ಅಡಾಪ್ಟರಿನಿಂದ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ, ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಒಂದು ಪೂರ್ತಿ ಪ್ರತಿ ತೆಗೆದಿಡಬೇಕು. 40 ಜಿ.ಬಿ. ಇವತ್ತು ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ಆ ಪ್ರತಿ ಕೈಯಲ್ಲಿದ್ದರೆ ಮುಂದೆ ಏನು ಎಡವಿದರೂ ಹಿಂದಿರುಗುವ ದಾರಿ ಇರುತ್ತದೆ. ವಿಂಡೋಸ್ ಅಥವಾ ಲಿನಕ್ಸ್ ಹಾಕುವ ಸಿ.ಡಿ. ಪಾರ್ಟಿಷನ್ ಪಟ್ಟಿ ತಪ್ಪಾಗಿದೆ, ಸರಿಮಾಡಲೇ ಎಂದು ಕೇಳಿದರೆ ಬೇಡ ಎನ್ನಬೇಕು. ಅದು ಕೇಳುವುದು ತನ್ನ ಲೆಕ್ಕದ ಪ್ರಕಾರ ಸರಿಮಾಡಲು.

ತಪ್ಪು ಕಲ್ಪನೆ: ಹಳೆಯ ಯಂತ್ರದಲ್ಲಿ ವಿಂಡೋಸ್ ಪಕ್ಕ ಲಿನಕ್ಸ್ ಹಾಕಿದರೆ ಅದು ವಿಂಡೋಸನ್ನು ಕೊಂದುಹಾಕುತ್ತದೆ.

ವಾಸ್ತವ: ಈ ಮಾತು ಹಬ್ಬಲು ನಿಜವಾದ ಘಟನೆಯೇ ಕಾರಣ. 2004ರ ಮೇ ತಿಂಗಳಲ್ಲಿ ಫೆಡೋರಾ ಕೋರ್ 2 ಎಂಬ ಲಿನಕ್ಸ್ ಬಂತು. ಅದರ 2.6 ಕರ್ನಲ್ ಬಯೋಸಿನ ಹೆಡ್ ಲೆಕ್ಕವನ್ನು ಊಹಿಸುವ ಕೆಲಸ ಕೈಬಿಟ್ಟಿತ್ತು. ಲಿನಕ್ಸ್ ನೇರ ಸೆಕ್ಟರ್ ಸಂಖ್ಯೆಯಿಂದ ಓದುವುದರಿಂದ ಅದಕ್ಕೆ ಆ ಲೆಕ್ಕ ಬೇಕಿರಲಿಲ್ಲ. ಆದರೆ ಪಾರ್ಟಿಷನ್ ಮಾಡುವ ಪಾರ್ಟೆಡ್ ತಂತ್ರಾಂಶ ಕರ್ನಲ್ ಹೇಳಿದ 16 ಹೆಡ್ ನಂಬಿ, ವಿಂಡೋಸ್ ಪಾರ್ಟಿಷನ್ನಿನ ಆ ಮೂರು ಮೂರು ಬೈಟ್‌ಗಳನ್ನು ತಿದ್ದಿ ಬರೆಯಿತು. ವಿಂಡೋಸ್ ಎಕ್ಸ್‌ಪಿ ಬೂಟ್ ಆಗದೆ ನಿಂತಿತು. ಅದೇ ಕರ್ನಲ್ ಬಳಸಿದ ಬೇರೆ ಕೆಲವು ಲಿನಕ್ಸ್‌ಗಳಲ್ಲೂ ಹೀಗೆ ಆಯಿತು. ಪಿಸಿ ಕ್ವೆಸ್ಟ್, ಲಿನಕ್ಸ್ ಫಾರ್ ಯೂ ಪತ್ರಿಕೆಗಳ ಜೊತೆಗೆ ಬರುತ್ತಿದ್ದ ಸಿ.ಡಿ.ಗಳಿಂದ ಲಿನಕ್ಸ್ ಹಾಕಿ ಕಲಿಯುತ್ತಿದ್ದ ಕಾಲವದು. ವಿಂಡೋಸ್ ಹೋಯಿತು ಎಂಬ ಮಾತು ಬೇಗ ಊರೂರಿಗೆ ತಲುಪಿತು, ತಿದ್ದುವ ಬಗೆ ಹಿಂದೆಯೇ ಉಳಿಯಿತು.

ವಿಂಡೋಸ್ ಹೋಗಿರಲಿಲ್ಲ. ಒಂದೇ ಒಂದು ಫೈಲೂ ಅಳಿದಿರಲಿಲ್ಲ. ಬಯೋಸಿನಲ್ಲಿ ಡಿಸ್ಕನ್ನು ಆಟೋದಿಂದ ಎಲ್‌ಬಿಎಗೆ ಬದಲಿಸಿದರೆ ಬಹಳಷ್ಟು ಯಂತ್ರಗಳು ಏಳುತ್ತಿದ್ದವು. ಏಳದಿದ್ದರೆ ಲಿನಕ್ಸಿನ ಎಸ್‌ಎಫ್‌ಡಿಸ್ಕ್‌ನಿಂದ ಪಾರ್ಟಿಷನ್ ಪಟ್ಟಿಯನ್ನು ಹೊರತೆಗೆದು, 255 ಹೆಡ್ ಎಂದು ಹೇಳಿ, ಅದನ್ನೇ ಮರಳಿ ಬರೆಸುವುದು. ನೇರ ಸೆಕ್ಟರ್ ಸಂಖ್ಯೆ ಹಾಗೇ ಉಳಿಯುತ್ತದೆ, ಹೆಡ್ ಲೆಕ್ಕದ ಬೈಟ್‌ಗಳು ಮಾತ್ರ ಸರಿಹೋಗುತ್ತವೆ. ಇವತ್ತು ಇದನ್ನು ಮಾಡುವವರಿಗೆ ಒಂದು ಎಚ್ಚರಿಕೆ: 2015ರಲ್ಲಿ ಬಂದ 2.26ನೆಯ ಆವೃತ್ತಿಯಿಂದ ಎಸ್‌ಎಫ್‌ಡಿಸ್ಕ್ ಸಿಲಿಂಡರ್-ಹೆಡ್ ಲೆಕ್ಕವನ್ನೇ ಬಿಟ್ಟಿದೆ. ಹಳೆಯ ಲೈವ್ ಸಿ.ಡಿ. ಬೇಕು, ಇಲ್ಲವೇ ಟೆಸ್ಟ್‌ಡಿಸ್ಕ್‌ನ ಜಾಮೆಟ್ರಿ ಮೆನುವಿನಲ್ಲಿ ಹೆಡ್ ಸಂಖ್ಯೆ ಕೊಟ್ಟು ಪಟ್ಟಿ ಬರೆಸಬೇಕು. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಅನೇಕ ಶಿಕ್ಷಕರು ತರಬೇತಿಗಳಲ್ಲಿ ಉಬುಂಟು ಲಿನಕ್ಸ್ ಕಲಿತು ಬಂದಿದ್ದಾರೆ. ಹಳೆಯ ಲ್ಯಾಬಿನ ಯಂತ್ರಕ್ಕೆ ಅದನ್ನು ಹಾಕಲು ಹಿಂಜರಿಯುವವರಿಗೆ ಈ ಮಾತು ತಲುಪಬೇಕು.

ತಪ್ಪು ಕಲ್ಪನೆ: ಎಫ್‌ಡಿಸ್ಕ್ ಎಂಬ ಲಿನಕ್ಸಿನ ಹಳೆಯ ಪಾರ್ಟಿಷನ್ ತಂತ್ರಾಂಶ ಸಿಲಿಂಡರ್ 1024ಕ್ಕಿಂತ ಹೆಚ್ಚಿದೆ ಎಂದು ಎಚ್ಚರಿಸಿದರೆ ಡಿಸ್ಕ್ ಬಳಸಬಾರದು.

ವಾಸ್ತವ: ಆ ಎಚ್ಚರಿಕೆಯಲ್ಲೇ ಇದರಲ್ಲಿ ತಪ್ಪೇನಿಲ್ಲ ಎಂದಿದೆ. ಮುಂದೆ ಓದಿದರೆ, ಬೂಟ್ ಹೊತ್ತಿನಲ್ಲಿ ಓಡುವ ಹಳೆಯ ತಂತ್ರಾಂಶಗಳಿಗೆ ತೊಂದರೆಯಾಗಬಹುದು ಎಂದು ಹೇಳುತ್ತದೆ. ಲಿನಕ್ಸನ್ನು ಬೂಟ್ ಮಾಡಿಸುವ ಹಳೆಯ ಲೈಲೋ 1024ನೆಯ ಸಿಲಿಂಡರಿನಾಚೆಗಿದ್ದ ಕರ್ನಲ್ ಮುಟ್ಟಲಾರದು. ಅದರ ಮೊದಲೆರಡು ಅಕ್ಷರ ಮಾತ್ರ ಪರದೆಗೆ ಬಂದು ಯಂತ್ರ ಸ್ತಬ್ಧವಾದರೆ ಸಾಮಾನ್ಯವಾಗಿ ಲೆಕ್ಕ ಹೊಂದಿಲ್ಲ ಎಂದರ್ಥ. ಗ್ರಬ್‌ನಲ್ಲಿ (ಅದೇ ಕೆಲಸದ ಇನ್ನೊಂದು ತಂತ್ರಾಂಶ) ಎರರ್ 18 ಬಂದರೂ ಕಾರಣ ಇದೇ ಗಡಿ. ಪರಿಹಾರ ಸರಳ: ಬೂಟ್ ಫೈಲುಗಳಿಗಾಗಿ ನೂರಿನ್ನೂರು ಎಂ.ಬಿ.ಯ ಒಂದು ಚಿಕ್ಕ ಪಾರ್ಟಿಷನ್ನನ್ನು ಡಿಸ್ಕಿನ ಮೊದಲಲ್ಲೇ ಇಡುವುದು. ಉಳಿದದ್ದು ಎಲ್ಲಿದ್ದರೂ ಸರಿ.

ತಪ್ಪು ಕಲ್ಪನೆ: ಲೋ ಲೆವೆಲ್ ಫಾರ್ಮ್ಯಾಟ್ ಹೊಡೆದರೆ ಡಿಸ್ಕಿನ ಜಾಮೆಟ್ರಿ, ಅಂದರೆ ಸಿಲಿಂಡರ್-ಹೆಡ್-ಸೆಕ್ಟರ್ ಲೆಕ್ಕ, ಮೊದಲಿನಂತಾಗುತ್ತದೆ.

ವಾಸ್ತವ: ಐಡಿಇಗೂ ಮೊದಲಿನ ಎಂಎಫ್‌ಎಂ ಡಿಸ್ಕ್‌ಗಳಲ್ಲಿ ಸೆಕ್ಟರ್ ಗುರುತುಗಳನ್ನು ಬಳಸುವವರೇ ಬರೆಸಬೇಕಿತ್ತು. ಐಡಿಇ ಡಿಸ್ಕಿಗೆ ಅದನ್ನು ಕಾರ್ಖಾನೆಯಲ್ಲೇ ಮುಗಿಸಿ ಕಳಿಸುತ್ತಾರೆ. ಹಳೆಯ ಅವಾರ್ಡ್ ಬಯೋಸಿನಲ್ಲಿ ಆ ಹೆಸರಿನ ಮೆನು ಉಳಿದಿದ್ದುದರಿಂದ ನಂಬಿಕೆಯೂ ಉಳಿಯಿತು. ಈಗ ಆ ಹೆಸರಿನಲ್ಲಿ ಸಿಗುವ ತಂತ್ರಾಂಶಗಳು ಮಾಡುವುದು ಇಡೀ ಡಿಸ್ಕಿನ ತುಂಬ ಸೊನ್ನೆ ಬರೆಯುವ ಕೆಲಸ. ಬಯೋಸಿನ ಮೋಡ್ ಅದರಿಂದ ಬದಲಾಗದು. ಒಳಗಿದ್ದದ್ದು ಮಾತ್ರ ಶಾಶ್ವತವಾಗಿ ಹೋಗುತ್ತದೆ.

ತಪ್ಪು ಕಲ್ಪನೆ: 80 ಜಿ.ಬಿ. ಡಿಸ್ಕ್ 32 ಎಂದು ತೋರಿಸಿದರೆ, 40 ಜಿ.ಬಿ.ಯದು 37 ಎಂದರೆ, ಮಾರಿದವರು ಮೋಸ ಮಾಡಿದ್ದಾರೆ.

ವಾಸ್ತವ: ಎರಡೂ ಒಂದೇ ಅಲ್ಲ. 37 ಎಂಬುದು ಎಣಿಕೆಯ ವ್ಯತ್ಯಾಸ: ತಯಾರಕರು ಸಾವಿರದಿಂದ ಗುಣಿಸುತ್ತಾರೆ, ವಿಂಡೋಸ್ 1024ರಿಂದ ಭಾಗಿಸುತ್ತದೆ. 32 ಎಂಬುದು ಬಹುತೇಕ ಜಂಪರಿನ ಕೆಲಸ. ಕೆಲವು ಅವಾರ್ಡ್ ಬಯೋಸ್‌ಗಳು 33.8 ಜಿ.ಬಿ. ಮೀರಿದ ಡಿಸ್ಕ್ ಕಂಡರೆ ಅಲ್ಲೇ ನಿಂತುಬಿಡುತ್ತಿದ್ದವು. ಅದಕ್ಕೆಂದೇ ತಯಾರಕರು ಡಿಸ್ಕಿನ ಹಿಂಬದಿಯಲ್ಲಿ ಗಾತ್ರ ತಗ್ಗಿಸಿ ತೋರಿಸುವ ಜಂಪರ್ ಜಾಗ ಇಟ್ಟರು. ಲೇಬಲ್ಲಿನ ಚಿತ್ರ ನೋಡಿ ಜಂಪರ್ ತೆಗೆದರೆ, ಬಯೋಸ್ ಒಪ್ಪುವುದಾದರೆ, ಪೂರ್ತಿ ಗಾತ್ರ ಸಿಗುತ್ತದೆ. ಆದರೆ 32 ಎಂದಿದ್ದಾಗ ಹಂಚಿದ ಡಿಸ್ಕಿನಲ್ಲಿ ಡೇಟಾ ಇದ್ದರೆ ಮೊದಲು ಪ್ರತಿ, ಆಮೇಲೆ ಜಂಪರ್.

ತಪ್ಪು ಕಲ್ಪನೆ: ಈಗಾಗಲೇ ಫಾರ್ಮ್ಯಾಟ್ ಹೊಡೆದಾಗಿದೆ, ಇನ್ನು ಹುಡುಕಿ ಪ್ರಯೋಜನವಿಲ್ಲ.

ವಾಸ್ತವ: ಇದು ಎಲ್ಲಕ್ಕಿಂತ ಹೆಚ್ಚು ಕೈಚೆಲ್ಲಿಸುವ ನಂಬಿಕೆ. ಕ್ವಿಕ್ ಫಾರ್ಮ್ಯಾಟ್ ಡಿಸ್ಕನ್ನು ಒರೆಸುವುದಿಲ್ಲ, ಹೊಸ ಪಟ್ಟಿಯೊಂದನ್ನು ತೆರೆಯುತ್ತದೆ. ಎಕ್ಸ್‌ಪಿಯಲ್ಲಿ ಪೂರ್ತಿ ಫಾರ್ಮ್ಯಾಟ್ ಕೂಡ ಸೆಕ್ಟರ್‌ಗಳನ್ನು ಓದಿ ಪರೀಕ್ಷಿಸುತ್ತಿತ್ತೇ ಹೊರತು ಸೊನ್ನೆ ತುಂಬುತ್ತಿರಲಿಲ್ಲ. ತುಂಬುವುದು ಶುರುವಾದದ್ದು ವಿಸ್ಟಾದಿಂದ. ಪಾರ್ಟಿಷನ್ ಮಾತ್ರ ಅಳಿಸಿದ್ದರೆ ದಾರಿ ಇನ್ನೂ ಹತ್ತಿರ. ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ ನಕಲನ್ನು ಪಾರ್ಟಿಷನ್ನಿನ ಕೊನೆಯ ಸೆಕ್ಟರಿನಲ್ಲಿ ಇಟ್ಟಿರುತ್ತದೆ, ಫ್ಯಾಟ್ 32 ಆರನೆಯ ಸೆಕ್ಟರಿನಲ್ಲಿ. ಟೆಸ್ಟ್‌ಡಿಸ್ಕ್ ಆ ನಕಲುಗಳನ್ನು ಹಿಡಿದು ಹಳೆಯ ಪಾರ್ಟಿಷನ್ ಎಲ್ಲಿಂದ ಎಲ್ಲಿಯವರೆಗಿತ್ತು ಎಂದು ಹುಡುಕುತ್ತದೆ. ಇಲ್ಲಿಯೂ ಸರಿಯಾದ ಹೆಡ್ ಸಂಖ್ಯೆ ಕೊಟ್ಟರೆ ಬೇಗ ಸಿಗುತ್ತದೆ. ಫ್ಯಾಟ್ 32 ಪಾರ್ಟಿಷನ್ನಿಗೆ ಫಾರ್ಮ್ಯಾಟ್ ಹೊಡೆದಿದ್ದರೆ ಫೈಲಿನ ತುಣುಕು ಜೋಡಿಸುವ ಪಟ್ಟಿ ಹೋಗಿರುತ್ತದೆ. ಆಗ ಒಂದೇ ಕಡೆ ಸಾಲಾಗಿ ಬರೆದಿದ್ದ ಫೈಲುಗಳು ಸಿಕ್ಕಾವು, ಚದುರಿದವು ಸಿಗಲಾರವು.

ಫಾರ್ಮ್ಯಾಟ್ ಆದ ಮೇಲೆ ವಿಂಡೋಸ್ ಹಾಕಿದ್ದರೆ ಅದು ಕೂತ ಜಾಗದಲ್ಲಿ ಇದ್ದದ್ದು ಮರಳುವುದಿಲ್ಲ. ಆದರೆ ಸಿ ಡ್ರೈವಿನಲ್ಲಿ ವಿಂಡೋಸ್ ಕೂತರೂ ಹಳೆಯ ಡಿ ಡ್ರೈವಿನ ಜಾಗವನ್ನು ಅದು ಸಾಮಾನ್ಯವಾಗಿ ಮುಟ್ಟಿರುವುದಿಲ್ಲ. ಅಂಗಡಿಗಳಲ್ಲಿ ಖಾತೆ, ಪತ್ರಿಕೆ, ಫೋಟೊಗಳನ್ನು ಇಡುತ್ತಿದ್ದುದು ಹೆಚ್ಚಾಗಿ ಅಲ್ಲಿಯೇ. ಆದ್ದರಿಂದ ಯಂತ್ರವನ್ನು ಆರಿಸಿ, ಡಿಸ್ಕ್ ಬಿಚ್ಚಿ, ಇನ್ನು ಒಂದು ಬೈಟೂ ಅದರ ಮೇಲೆ ಬರೆಯದಂತೆ ತೆಗೆದಿಡಬೇಕು. ಟಕ್ ಟಕ್ ಎಂದು ಬಡಿಯುವ ಸದ್ದು ಬರುತ್ತಿದ್ದರೆ ಮಾತ್ರ ವಿಷಯ ಬೇರೆ. ಅದು ಲೆಕ್ಕದ ತಕರಾರಲ್ಲ, ನಿಜಕ್ಕೂ ಯಂತ್ರಭಾಗದ್ದು. ಅಂಥದ್ದನ್ನು ಮತ್ತೆ ಮತ್ತೆ ಹಚ್ಚಿ ನೋಡದೆ ಡೇಟಾ ತೆಗೆಯುವ ಪರಿಣತರ ಕೈಗೆ ಕೊಡಬೇಕು. ಸದ್ದಿಲ್ಲದೆ ತಿರುಗುವ ಡಿಸ್ಕಾದರೆ ಪ್ರತಿ ತೆಗೆದು, ಆ ಪ್ರತಿಯ ಮೇಲೆಯೇ ಹುಡುಕಾಟ ಶುರುಮಾಡಬಹುದು.